ನಕಲಿ ಆ್ಯಂಟಿವೈರಸ್ ಬಾಧೆ ಮತ್ತು ಮನೆ ಕಂಪ್ಯೂಟರಿನ ದುರಸ್ತಿ: ವಿಜಯನಗರ ಜಿಲ್ಲೆಯ ಐದು ತಾಲೂಕುಗಳ ನೆಲೆಯಲ್ಲಿ

ಇಲ್ಲದ ವೈರಸ್ಸನ್ನು ಇದೆಯೆಂದು ತೋರಿಸಿ, ಅದನ್ನು ತೆಗೆಯುವ ನೆಪದಲ್ಲಿ ಹಣ ಕೀಳುವ ತಂತ್ರಾಂಶಕ್ಕೆ ನಕಲಿ ಆ್ಯಂಟಿವೈರಸ್ ಎನ್ನುತ್ತಾರೆ. ರಕ್ಷಕನ ವೇಷ ತೊಟ್ಟು ಒಳಗೆ ಬರುವುದೇ ಇದರ ಲಕ್ಷಣ. ಮಿಕ್ಕ ವೈರಸ್ಸುಗಳು ಕಣ್ಣಿಗೆ ಬೀಳದಂತೆ ಅಡಗಿದರೆ, ಇದು ಪರದೆಯ ತುಂಬ ಕೂತು ಕೂಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಇವು ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಐದು ತಾಲೂಕುಗಳು. ಇಂಥ ಸಣ್ಣ ಊರುಗಳಲ್ಲಿ ಮನೆಯ ಕಂಪ್ಯೂಟರಿಗೆ ಈ ಬಾಧೆ ತಗುಲಿದರೆ ಸಾಮಾನ್ಯವಾಗಿ ಕೇಳಿಬರುವ ಮೊದಲ ಸಲಹೆ ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂಬುದು. ಫಾರ್ಮ್ಯಾಟ್ ಕೆಟ್ಟ ಮದ್ದೇನಲ್ಲ, ಹಲವು ಸಲ ಅದೇ ಸರಿಯಾದ ಮದ್ದು. ಆದರೆ ಅದನ್ನು ಮೊದಲ ಕೆಲಸವಾಗಿ ಮಾಡಿದಾಗ ಯಂತ್ರ ಉಳಿದು ಮನೆಯವರ ದಾಖಲೆ ಹೋಗುತ್ತದೆ. ವೈರಸ್ ಮಾಡದ ಹಾನಿಯನ್ನು ದುರಸ್ತಿಯೇ ಮಾಡಿದಂತಾಗುತ್ತದೆ. ಮೊದಲು ದಾಖಲೆ, ಆಮೇಲೆ ಯಂತ್ರ, ಕೊನೆಗೆ ಪಾಸ್‌ವರ್ಡ್ ಮತ್ತು ಹಣ ಎಂಬ ಕ್ರಮವೇ ಏಕೆ ಸರಿ ಎಂಬುದನ್ನು ಈ ಬಾಧೆಯ ಸ್ವಭಾವದಿಂದಲೇ ತೋರಿಸಬಹುದು. ಹಣ ಈಗಾಗಲೇ ಕೈಬಿಟ್ಟಿದ್ದರೆ ಮಾತ್ರ ಈ ಕ್ರಮ ತಿರುಗುಮುರುಗಾಗುತ್ತದೆ. ಆ ಮಾತು ಮುಂದೆ ಬರುತ್ತದೆ.

ಈ ವಂಚನೆ ಉಚ್ಛ್ರಾಯದಲ್ಲಿದ್ದದ್ದು 2005ರಿಂದ 2012ರವರೆಗೆ. ವಿನ್‌ಫಿಕ್ಸರ್, ಸ್ಪೈಶೆರಿಫ್, ಆ್ಯಂಟಿವೈರಸ್ ಎಕ್ಸ್‌ಪಿ 2008, ಆ್ಯಂಟಿವೈರಸ್ 2009 ಎಂದು ಹೆಸರು ಬದಲಿಸಿಕೊಳ್ಳುತ್ತ ಒಂದೇ ಬಗೆಯ ಸರಕು ಜಗತ್ತನ್ನು ಸುತ್ತಿತು. ವಿನ್‌ಫಿಕ್ಸರ್ ಮತ್ತು ಅದರ ಒಡಹುಟ್ಟುಗಳನ್ನು ಮಾರುತ್ತಿದ್ದ ಇನ್ನೋವೇಟಿವ್ ಮಾರ್ಕೆಟಿಂಗ್ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರ್‌ನಲ್ಲಿ ಮೊಕದ್ದಮೆ ಹೂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹಣ ಕೊಟ್ಟು ಮೋಸಹೋಗಿದ್ದರೆಂಬುದು ಆಯೋಗದ ಆರೋಪ. 2012ರಲ್ಲಿ ನ್ಯಾಯಾಲಯ ಆ ಪ್ರಕರಣದಲ್ಲಿ 16 ಕೋಟಿ 30 ಲಕ್ಷ ಡಾಲರಿನ ತೀರ್ಪು ಕೊಟ್ಟಿತು. 2009ರ ಏಪ್ರಿಲ್‌ನಲ್ಲಿ ಕಾನ್‌ಫಿಕರ್ ಎಂಬ ಕುಖ್ಯಾತ ಹುಳು ತಾನು ಹೊಕ್ಕ ಕಂಪ್ಯೂಟರುಗಳಿಗೆ ಸ್ಪೈಪ್ರೊಟೆಕ್ಟ್ 2009 ಎಂಬ ನಕಲಿಯನ್ನು ಇಳಿಸಿತು. ಗೂಗಲ್ ಸಂಶೋಧಕರು 13 ತಿಂಗಳ ಕಾಲ 24 ಕೋಟಿ ಪುಟಗಳನ್ನು ಜಾಲಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಲತಾಣಗಳ ಮೂಲಕ ಹರಡುತ್ತಿದ್ದ ದುಷ್ಟ ತಂತ್ರಾಂಶದಲ್ಲಿ ನೂರಕ್ಕೆ 15 ಪಾಲು ಇದೇ ಆಗಿತ್ತು. 11,000ಕ್ಕೂ ಹೆಚ್ಚು ಡೊಮೇನ್‌ಗಳು ಇದರಲ್ಲಿ ಭಾಗಿಯಾಗಿದ್ದವು. ಮ್ಯಾಕ್ ಕಂಪ್ಯೂಟರಿಗೆ ಈ ಕಾಟವಿಲ್ಲ ಎಂಬ ನಂಬಿಕೆಯನ್ನು 2011ರ ಮೇ ತಿಂಗಳಲ್ಲಿ ಮ್ಯಾಕ್ ಡಿಫೆಂಡರ್ ಮುರಿಯಿತು. ಮರು ತಿಂಗಳೇ ಅಮೆರಿಕದ ಎಫ್‌ಬಿಐ ಹಲವು ದೇಶಗಳ ಪೊಲೀಸರೊಂದಿಗೆ ನಡೆಸಿದ ಕಾರ್ಯಾಚರಣೆಯಲ್ಲಿ ಸಿಕ್ಕ ಒಂದು ಗುಂಪು 9 ಲಕ್ಷ 60 ಸಾವಿರ ಬಳಕೆದಾರರಿಗೆ 7 ಕೋಟಿ 20 ಲಕ್ಷ ಡಾಲರ್ ನಷ್ಟ ಮಾಡಿತ್ತೆಂದು ಅಂದಾಜಾಯಿತು. ವಿಂಡೋಸ್ 8ರೊಂದಿಗೆ 2012ರಲ್ಲಿ ಡಿಫೆಂಡರ್ ಎಂಬ ಅಸಲಿ ಆ್ಯಂಟಿವೈರಸ್ ಯಂತ್ರದ ಜೊತೆಗೇ ಬರತೊಡಗಿದ ಮೇಲೆ ಈ ವ್ಯಾಪಾರ ಕುಗ್ಗಿತು. ಆದರೆ ಸಾಯಲಿಲ್ಲ. ಬ್ರೌಸರಿನ ಮೂಲೆಯಲ್ಲಿ ಹಾರುವ ಎಚ್ಚರಿಕೆಯಾಗಿ, ‘ಈ ನಂಬರಿಗೆ ಫೋನ್ ಮಾಡಿ’ ಎನ್ನುವ ಪರದೆಯಾಗಿ ರೂಪ ಬದಲಿಸಿತು. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂದು ದೇಶದ 76 ಕಡೆ ನಡೆಸಿದ ಶೋಧದ ಗುರಿಗಳಲ್ಲಿ, ಹೆಸರಾಂತ ಕಂಪನಿಗಳ ತಾಂತ್ರಿಕ ನೆರವಿನವರೆಂದು ಹೇಳಿಕೊಂಡು ವಿದೇಶೀಯರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳೂ ಇದ್ದವು.

ಹಳೆಯ ರೂಪವನ್ನು ಹತ್ತಿರದಿಂದ ನೋಡಿದರೆ ಅದರ ಉಪಾಯ ಗೊತ್ತಾಗುತ್ತದೆ. ಗುರಾಣಿಯ ಚಿತ್ರವಿರುವ ಕಿಟಕಿಯೊಂದು ತಾನಾಗಿ ತೆರೆದು, ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ‘32 ಅಪಾಯಗಳು ಪತ್ತೆ’ ಎಂಬಂಥ ಕೆಂಪು ಅಕ್ಷರ ಮೂಡುತ್ತದೆ. ಲಕ್ಷಗಟ್ಟಲೆ ಫೈಲುಗಳಿರುವ ಡಿಸ್ಕನ್ನು ಅಷ್ಟು ಬೇಗ ಯಾವ ಅಸಲಿ ಆ್ಯಂಟಿವೈರಸ್ಸೂ ತಪಾಸಣೆ ಮಾಡಲಾರದು. ಅದು ಓದುತ್ತಿರುವುದು ಡಿಸ್ಕನ್ನಲ್ಲ, ಮೊದಲೇ ಬರೆದಿಟ್ಟ ಪಟ್ಟಿಯನ್ನು. ಮೂಲೆಯ ಗುಣಿಸು ಗುರುತನ್ನು ಒತ್ತಿದರೆ ಕಿಟಕಿ ಮತ್ತೆ ಬರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆಯಲು ಹೋದರೆ ‘ಈ ಫೈಲಿಗೂ ವೈರಸ್ ತಗುಲಿದೆ’ ಎಂದು ತಡೆಯುತ್ತದೆ. ಒಳಗೆ ಅದು ಮಾಡಿಕೊಂಡಿರುವ ಏರ್ಪಾಡು ಕೆಲವೇ ಕೆಲವು: ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ನಿಯಮಗಳ ಕಡತದಲ್ಲಿ, ಕಂಪ್ಯೂಟರ್ ಆನ್ ಆದೊಡನೆ ತಾನೂ ಏಳುವಂತೆ ಒಂದು ಸಾಲು, ಯಾವ ಪ್ರೋಗ್ರಾಮನ್ನು ಒತ್ತಿದರೂ ತಾನೇ ತೆರೆದುಕೊಳ್ಳುವಂತೆ ಇನ್ನೊಂದು, ಬ್ರೌಸರಿನ ಪ್ರಾಕ್ಸಿ, ಅಂದರೆ ಇಂಟರ್‌ನೆಟ್ ಸಂಪರ್ಕ ಹಾದುಹೋಗುವ ಮಧ್ಯವರ್ತಿಯ, ಬದಲಾವಣೆ, ಆ್ಯಂಟಿವೈರಸ್ ಕಂಪನಿಗಳ ತಾಣಗಳಿಗೆ ಹೋಗದಂತೆ ‘ಹೋಸ್ಟ್ಸ್’ ಎಂಬ ಸಣ್ಣ ಫೈಲಿನಲ್ಲಿ ತಿದ್ದುಪಡಿ. ಇವೆಲ್ಲ ಕಿರುಕುಳ, ನಾಶವಲ್ಲ. ಹೆದರಿದವನು ಹಣ ಕೊಡಬೇಕಾದರೆ ಕಂಪ್ಯೂಟರ್ ಕೆಲಸ ಮಾಡುತ್ತಲೇ ಇರಬೇಕಲ್ಲವೇ? ಮನೆಯವರ ಫೈಲುಗಳನ್ನು ಅಳಿಸಿ ವಂಚಕನಿಗೆ ಲಾಭವಿಲ್ಲ.

ಇದಕ್ಕೆ ಬಲವಾದ ಪುರಾವೆ 2010–11ರ ಹೊತ್ತಿಗೆ ಬಂದ, ‘ಹಾರ್ಡ್ ಡಿಸ್ಕ್ ಕೆಟ್ಟಿದೆ’ ಎಂದು ಹೆದರಿಸುತ್ತಿದ್ದ ಉಪಜಾತಿ. ಅದು ಹೊಕ್ಕ ಕೂಡಲೇ ಡೆಸ್ಕ್‌ಟಾಪ್ ಬೋಳಾಗುತ್ತಿತ್ತು, ಸ್ಟಾರ್ಟ್ ಮೆನು ಖಾಲಿಯಾಗುತ್ತಿತ್ತು, ಡಾಕ್ಯುಮೆಂಟ್ಸ್ ತೆರೆದರೆ ಏನೂ ಕಾಣುತ್ತಿರಲಿಲ್ಲ. ಎಲ್ಲ ಹೋಯಿತೆಂದು ಜನ ಎದೆಯೊಡೆದುಕೊಳ್ಳುವುದು ಸಹಜ. ಆದರೆ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ, ತುಂಬಿದ ಜಾಗ ನಿನ್ನೆ ಎಷ್ಟಿತ್ತೋ ಇಂದೂ ಅಷ್ಟೇ ಇರುತ್ತಿತ್ತು. ಫೈಲುಗಳಿಗೆ ‘ಹಿಡನ್’ ಎಂಬ ಗುರುತನ್ನಷ್ಟೇ ಹಚ್ಚಲಾಗಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ‘ಆಟ್ರಿಬ್’ ಆದೇಶ ಕೊಟ್ಟು ಆ ಗುರುತನ್ನು ತೆಗೆದರೆ ಅವೆಲ್ಲ ಮತ್ತೆ ಕಾಣುತ್ತಿದ್ದವು. ಪೆನ್‌ಡ್ರೈವಿನಲ್ಲಿ ಫೋಲ್ಡರ್ ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್ ಮಾತ್ರ ಉಳಿಯುವ, ನಮ್ಮ ಊರುಗಳ ಝೆರಾಕ್ಸ್ ಅಂಗಡಿಗಳಲ್ಲಿ ಎಲ್ಲರೂ ಕಂಡ ವೈರಸ್ಸಿನದೂ ಇದೇ ಕೈಚಳಕ. ಕಾಣದಿರುವುದೆಲ್ಲ ಇಲ್ಲವಾಗಿರುವುದಲ್ಲ ಎಂದು ತಿಳಿಯದೆ ಫಾರ್ಮ್ಯಾಟಿಗೆ ಕೊಟ್ಟರೆ, ಇದ್ದದ್ದು ಆಗ ನಿಜವಾಗಿಯೂ ಇಲ್ಲವಾಗುತ್ತದೆ.

ಹಾಗೆ ಹೋಗುವುದು ಏನೆಂದು ಕೇಳಿದರೆ ಈ ಭಾಗದ ವಿಶೇಷ ತಿಳಿಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಫೋಟೋ, ಸಿನಿಮಾ ಬಿಟ್ಟರೆ ಏನಿರುತ್ತದೆ ಎಂಬ ಆಕ್ಷೇಪವನ್ನು ನಗರದವರು ಎತ್ತಬಹುದು. ತಾಲೂಕು ಊರುಗಳಲ್ಲಿ ಮನೆಗೂ ಕಸುಬಿಗೂ ನಡುವೆ ಗೋಡೆ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಕೊಟ್ಟೂರೇಶ್ವರನ ರಥೋತ್ಸವದ ಅಥವಾ ಮೈಲಾರದ ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ನಡಾವಳಿ, ಜಮೀನಿನ ಅರ್ಜಿ, ಮಕ್ಕಳ ಜಾತಿ–ಆದಾಯ ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ ಎಲ್ಲವೂ ಇರುತ್ತವೆ. ಹರಪನಹಳ್ಳಿಯವರಿಗಂತೂ ದಾವಣಗೆರೆ ಜಿಲ್ಲೆಯ ಹೆಸರಿನಲ್ಲಿ ಕೆಲವು, ಬಳ್ಳಾರಿಯ ಹೆಸರಿನಲ್ಲಿ ಕೆಲವು, ವಿಜಯನಗರದ ಹೆಸರಿನಲ್ಲಿ ಕೆಲವು ದಾಖಲೆಗಳಿವೆ. 1997ರಿಂದೀಚೆಗೆ ಆ ತಾಲೂಕು ಜಿಲ್ಲೆ ಬದಲಿಸುತ್ತ ಬಂದಿದೆ. ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾದ ಕೊಟ್ಟೂರಿನವರಿಗೂ ಹಳೆಯ ವಿಳಾಸದ ಪ್ರತಿಗಳು ಬೇಕಾಗುತ್ತವೆ. ಇಂಥ ಪ್ರತಿಯನ್ನು ಕಳೆದುಕೊಂಡು ಮತ್ತೆ ಕಚೇರಿ ಅಲೆಯುವ ಕಷ್ಟದ ಮುಂದೆ ವೈರಸ್ಸಿನ ಕಾಟ ಏನೂ ಅಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಕನ್ನಡದ ಅಕ್ಷರಗಳ ಸಂಗತಿ. ಇದು ಕನ್ನಡದಂಥ ಭಾಷೆಗಳನ್ನು ಬಳಸುವ ಮನೆಗಳಲ್ಲಿ ಕಾಡುವ ನಷ್ಟವಾದ್ದರಿಂದ ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಸುಳಿವು ಸಿಗುವುದು ಕಡಿಮೆ. ಯೂನಿಕೋಡ್ ರೂಢಿಗೆ ಬರುವ ಮೊದಲು, ಈಗಲೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ, ಕನ್ನಡವನ್ನು ಟೈಪ್ ಮಾಡುವುದು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, 1998ರಲ್ಲಿ ಬಂದ ಬರಹ, ಇಲ್ಲವೇ ಶ್ರೀಲಿಪಿಯ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಆ ಫೈಲಿನೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅವುಗಳಿಗೆ ಕನ್ನಡದ ರೂಪ ಕೊಡುವುದು ಯಂತ್ರದಲ್ಲಿ ಸ್ಥಾಪಿಸಿದ ಫಾಂಟ್. ಫಾಂಟುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ಫಾರ್ಮ್ಯಾಟ್ ಆದಾಗ ಅವೂ ಹೋಗುತ್ತವೆ. ಹೀಗಾಗಿ ವರ್ಡ್ ಫೈಲನ್ನು ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡವರೂ ಹೊಸದಾದ ಕಂಪ್ಯೂಟರಿನಲ್ಲಿ ಅದನ್ನು ತೆರೆದಾಗ ಅರ್ಥವಿಲ್ಲದ ಅಕ್ಷರಗಳ ರಾಶಿ ಕಂಡು ‘ವೈರಸ್ ಫೈಲನ್ನು ತಿಂದುಬಿಟ್ಟಿದೆ’ ಎಂದುಕೊಳ್ಳುತ್ತಾರೆ. ತಿಂದಿಲ್ಲ. ಬಳಸಿದ ಫಾಂಟನ್ನೇ ಮತ್ತೆ ಸ್ಥಾಪಿಸಿದರೆ ಅಕ್ಷರಗಳು ತಿರುಗಿ ಬರುತ್ತವೆ. ನುಡಿಯಲ್ಲಿ ಬರೆದದ್ದಕ್ಕೆ ನುಡಿಯ ಫಾಂಟೇ ಬೇಕು, ಶ್ರೀಲಿಪಿಯದು ನಡೆಯದು. ಆದ್ದರಿಂದ ದಾಖಲೆಯ ಪ್ರತಿ ತೆಗೆಯುವಾಗ ಫಾಂಟ್ಸ್ ಫೋಲ್ಡರಿನಿಂದ ಕನ್ನಡದವುಗಳನ್ನು ಆರಿಸಿ ಪ್ರತಿ ಮಾಡಿಕೊಳ್ಳುವುದನ್ನೂ ಸೇರಿಸಬೇಕು. ಮುಖ್ಯ ಕಡತಗಳನ್ನು ಬಿಡುವಿದ್ದಾಗ ಯೂನಿಕೋಡಿಗೆ ಬದಲಾಯಿಸಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಅದಕ್ಕೆ ಉಚಿತ ಪರಿವರ್ತಕಗಳಿವೆ.

‘ನಿಮ್ಮದೆಲ್ಲ ಡಿ ಡ್ರೈವಿನಲ್ಲಿದೆ, ಸಿ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ’ ಎಂಬ ಭರವಸೆಯ ಮಾತನ್ನು ರಿಪೇರಿಯವರು ಕೊಡುತ್ತಾರೆ. ಇದು ಅರ್ಧ ಮಾತ್ರ ನಿಜ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಡ್ರೈವಿನಲ್ಲೇ. ವ್ಯಾಪಾರಸ್ಥರ ಮನೆಯ ಟ್ಯಾಲಿ ಲೆಕ್ಕವೂ ಜಾಗ ಬದಲಿಸದಿದ್ದರೆ ಅಲ್ಲೇ ಕೂತಿರುತ್ತದೆ. ಇನ್ನೊಂದು ಕಡೆ, ಸಿ ತೊಳೆದು ಡಿ ಬಿಟ್ಟರೆ ಡಿಯಲ್ಲಿ ಉಳಿದ ಸೋಂಕಿನ ಫೈಲು ಮತ್ತೆ ಕ್ಲಿಕ್ಕಿಗೆ ಸಿಗುತ್ತದೆ. ಪ್ರತಿ ತೆಗೆಯುವ ಸುರಕ್ಷಿತ ದಾರಿ ಎಂದರೆ ಬಾಧೆಯಿರುವ ವಿಂಡೋಸನ್ನು ಎಬ್ಬಿಸದೆಯೇ ಡಿಸ್ಕನ್ನು ಓದುವುದು. ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಆರಂಭಿಸಿದರೆ ವಿಂಡೋಸಿನ ವೈರಸ್ ಮಲಗಿಯೇ ಇರುತ್ತದೆ, ಫೈಲುಗಳನ್ನು ನಿಶ್ಚಿಂತೆಯಿಂದ ಹೊರ ಡಿಸ್ಕಿಗೆ ಎಳೆಯಬಹುದು. ಬರಹ, ಚಿತ್ರ, ಪಿಡಿಎಫ್, ಲೆಕ್ಕದ ಕಡತ, ಫಾಂಟ್ ಇವನ್ನಷ್ಟೇ ತೆಗೆದುಕೊಳ್ಳಬೇಕು. ಪ್ರೋಗ್ರಾಮ್, ಸ್ಕ್ರೀನ್‌ಸೇವರ್, ಶಾರ್ಟ್‌ಕಟ್‌ಗಳನ್ನು ಅಲ್ಲೇ ಬಿಡಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುವ ಸಂಭವ ಹೆಚ್ಚು. ಅದರ 48 ಅಂಕೆಗಳ ಕೀಲಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯ ಪಾಸ್‌ವರ್ಡ್ ಮರೆತವರು ಕೈ ಹಾಕುವ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ದಾಖಲೆ ಕೈಗೆ ಬಂದ ಮೇಲೆ ಶುದ್ಧಿಯ ಕೆಲಸ. ಬಾಧೆ ಕಂಡ ಗಳಿಗೆಯಲ್ಲೇ ಇಂಟರ್‌ನೆಟ್ ಕಡಿದಿರಬೇಕು. ವೈಫೈ ಆರಿಸಿದರೂ ಸಾಕು, ಕೇಬಲ್ ಕಿತ್ತರೂ ಸಾಕು. ನಂತರ ವಿಂಡೋಸನ್ನು ಸೇಫ್ ಮೋಡಿನಲ್ಲಿ ತೆರೆಯಬೇಕು. ಎಕ್ಸ್‌ಪಿ, ವಿಂಡೋಸ್ 7ರಲ್ಲಿ ಎಫ್8 ಒತ್ತಿ, 10 ಮತ್ತು 11ರಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಟ್ಟು ಅಲ್ಲಿಗೆ ಹೋಗಬಹುದು. ಸೇಫ್ ಮೋಡಿನಲ್ಲಿ ವಿಂಡೋಸ್ ತನ್ನ ಅಗತ್ಯದ ಭಾಗಗಳನ್ನಷ್ಟೇ ಎಬ್ಬಿಸುವುದರಿಂದ ನಕಲಿಗೆ ಸಾಮಾನ್ಯವಾಗಿ ಏಳಲು ಅವಕಾಶ ಸಿಗದು. ಬೇರೆ ಶುದ್ಧ ಕಂಪ್ಯೂಟರಿನಲ್ಲಿ ಇಳಿಸಿ ತಂದ ಮಾಲ್‌ವೇರ್‌ಬೈಟ್ಸ್ ಅಥವಾ ಮೈಕ್ರೋಸಾಫ್ಟಿನ ಸೇಫ್ಟಿ ಸ್ಕ್ಯಾನರಿನಿಂದ ಪೂರ್ತಿ ತಪಾಸಣೆ ಮಾಡಬೇಕು. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಅವಧಿ ಮುಗಿಯುವುದರಿಂದ ಹಳೆಯ ಪ್ರತಿ ಕೆಲಸಕ್ಕೆ ಬಾರದು. ವಿಂಡೋಸ್ 10, 11 ಇದ್ದರೆ ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಎಲ್ಲಕ್ಕಿಂತ ಸುಲಭ. ಯಂತ್ರ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು ಕಾಲು ಗಂಟೆ ತಪಾಸಣೆ ಮಾಡುತ್ತದೆ. ಕರೆಂಟ್ ಹೋಗುವ ಭಯವಿರುವಲ್ಲಿ ಡೆಸ್ಕ್‌ಟಾಪನ್ನು ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಒಡ್ಡಬಾರದು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿ 21ರಂದು ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತದೆ. ನಮ್ಮ ತೆರಿಗೆಯ ಹಣದಲ್ಲಿ ನಡೆಯುವ ಈ ಸೇವೆ ಇದೆಯೆಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲದಿರುವುದು ಖೇದದ ಸಂಗತಿ. ತಪಾಸಣೆ ಮುಗಿದ ಮೇಲೆ ಪ್ರಾಕ್ಸಿ ಮತ್ತು ಹೋಸ್ಟ್ಸ್ ಫೈಲನ್ನು ನೋಡಲು ಮರೆಯಬಾರದು. ವೈರಸ್ ಹೋದರೂ ಅದು ತಿರುಚಿದ ಪ್ರಾಕ್ಸಿ ಉಳಿದರೆ ಇಂಟರ್‌ನೆಟ್ ಬರುವುದಿಲ್ಲ, ಬಾಧೆ ಹಾಗೇ ಇದೆ ಎಂಬ ತಪ್ಪು ತೀರ್ಮಾನಕ್ಕೆ ಅದು ದಾರಿಯಾಗುತ್ತದೆ.

ಇಷ್ಟೆಲ್ಲ ಏಕೆ, ಫಾರ್ಮ್ಯಾಟ್ ಹೊಡೆದರೆ ಒಂದೇ ಏಟಿಗೆ ಚೊಕ್ಕಟವಾಗುವುದಿಲ್ಲವೇ ಎಂಬುದು ರಿಪೇರಿಯವರ ವಾದ, ಮತ್ತು ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಟಿಡಿಎಸ್‌ಎಸ್‌ನಂಥ ರೂಟ್‌ಕಿಟ್‌ಗಳು ನಕಲಿ ಆ್ಯಂಟಿವೈರಸ್ಸಿನ ಬೆನ್ನಿಗೇ ಬಂದು ವಿಂಡೋಸಿನ ತಳದಲ್ಲಿ ಅಡಗುತ್ತಿದ್ದವು. ಅಂಥಲ್ಲಿ ಒಂದು ಸ್ಕ್ಯಾನ್ ‘ಏನೂ ಇಲ್ಲ’ ಎಂದ ಮಾತ್ರಕ್ಕೆ ನಂಬಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯ. ಎರಡು ಬೇರೆ ಸಾಧನಗಳ ತಪಾಸಣೆಯ ಬಳಿಕವೂ ಲಕ್ಷಣ ಉಳಿದರೆ, ಅಥವಾ ಅಪರಿಚಿತರಿಗೆ ದೂರದಿಂದ ಕಂಪ್ಯೂಟರ್ ಆಳಲು ಬಿಟ್ಟಿದ್ದರೆ, ಹೊಸದಾಗಿ ವಿಂಡೋಸ್ ಹಾಕುವುದೇ ಲೇಸು. ಪ್ರಶ್ನೆ ಇರುವುದು ಯಾವಾಗ ಮತ್ತು ಯಾವುದನ್ನು ಹಾಕುತ್ತೇವೆ ಎಂಬುದರಲ್ಲಿ. ವಿಂಡೋಸ್ 8ರ ಕಾಲದಿಂದ ಈಚಿನ ಬ್ರ್ಯಾಂಡೆಡ್ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀಲಿ ಮದರ್‌ಬೋರ್ಡಿನಲ್ಲೇ ಅಡಕವಾಗಿರುತ್ತದೆ. ಮೈಕ್ರೋಸಾಫ್ಟಿನ ತಾಣದಿಂದ ಉಚಿತವಾಗಿ ಇಳಿಸಿದ ವಿಂಡೋಸಿನ ಅದೇ ಆವೃತ್ತಿಯನ್ನು ಹಾಕಿದರೆ ಅದು ತಾನೇ ಅಸಲಿಯಾಗಿ ನಿಲ್ಲುತ್ತದೆ. ಹಾಗಿದ್ದೂ ಅಭ್ಯಾಸಬಲದಿಂದ ಕಳ್ಳಪ್ರತಿಯನ್ನು ಹಾಕಿ, ಅದನ್ನು ಸಕ್ರಿಯಗೊಳಿಸಲು ಡಿಫೆಂಡರನ್ನು ಆರಿಸಿ, ಎಲ್ಲಿಂದಲೋ ತಂದ ‘ಆ್ಯಕ್ಟಿವೇಟರ್’ ಓಡಿಸುವುದುಂಟು. ಕಳ್ಳನನ್ನು ಹೊರದಬ್ಬಿ ಹಿತ್ತಲ ಬಾಗಿಲಿನ ಚಿಲಕ ತೆಗೆದಿಟ್ಟ ಹಾಗೆ ಇದು. ಅಸಲಿ ಕೊಳ್ಳಲು ದುಡ್ಡಿಲ್ಲ ಎಂಬವರಿಗೆ ಲಿನಕ್ಸ್ ಪೂರ್ತಿ ಉಚಿತ, ಕನ್ನಡ ಯೂನಿಕೋಡ್ ಅದರಲ್ಲಿ ಚೆನ್ನಾಗಿ ನಡೆಯುತ್ತದೆ.

ಈಗ ಕಾಣುವ ಬಾಧೆಯ ಒಂದು ರೂಪಕ್ಕಂತೂ ಫಾರ್ಮ್ಯಾಟ್ ಸಂಬಂಧವೇ ಇಲ್ಲದ ಮದ್ದು. ಯಾವುದೋ ತಾಣ ‘ಅಲೋ’ ಒತ್ತಿ ಎಂದಾಗ ಒತ್ತಿದರೆ, ಆ ತಾಣಕ್ಕೆ ಪರದೆಯ ಮೂಲೆಯಲ್ಲಿ ನೋಟಿಫಿಕೇಷನ್ ತೋರಿಸುವ ಅನುಮತಿ ಸಿಗುತ್ತದೆ. ಆಮೇಲೆ ದಿನವಿಡೀ ‘ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ’ ಎಂಬ ಕೂಗು. ಕಂಪ್ಯೂಟರಿನಲ್ಲಿ ವೈರಸ್ ಇರುವುದೇ ಇಲ್ಲ. ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ ಆ ತಾಣದ ಅನುಮತಿ ತೆಗೆಯುವುದು ಎರಡು ನಿಮಿಷದ ಕೆಲಸ. ಬ್ರೌಸರಿಗೆ ಅಂಟಿದ ದುಷ್ಟ ಎಕ್ಸ್‌ಟೆನ್ಷನ್ನಿನದು ಇನ್ನೂ ವಿಚಿತ್ರ. ಫಾರ್ಮ್ಯಾಟ್ ಮಾಡಿಸಿ, ಹೊಸ ಕ್ರೋಮಿಗೆ ಹಳೆಯ ಖಾತೆಯಿಂದ ಲಾಗಿನ್ ಆದೊಡನೆ ಸಿಂಕ್ ಅದನ್ನು ಮರಳಿ ತಂದಿಡಬಹುದು. ಪರದೆ ಪೂರ್ತಿ ಆವರಿಸಿ ಫೋನ್ ನಂಬರ್ ತೋರಿಸುವ ಪುಟವಾದರೂ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಮುಚ್ಚಿದರೆ ಮುಗಿಯಿತು. ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ಮರಳಿ ತರಲು ಒಪ್ಪಬಾರದು, ಅಷ್ಟೇ.

ಹಣ ಕೊಟ್ಟರೆ ಕಾಟ ನಿಲ್ಲುತ್ತದಲ್ಲ ಎನ್ನುವವರೂ ಇದ್ದಾರೆ. ಹಣ ಪಡೆದ ನಕಲಿ ಎಚ್ಚರಿಕೆ ತೋರಿಸುವುದನ್ನು ನಿಲ್ಲಿಸುತ್ತಿದ್ದದ್ದು ನಿಜ. ಆದರೆ ಅದು ಯಂತ್ರದಲ್ಲೇ ಉಳಿಯುತ್ತದೆ, ಕಾರ್ಡಿನ ವಿವರವೂ ವಂಚಕನ ಬಳಿ ಉಳಿಯುತ್ತದೆ. ಕೊಟ್ಟುಬಿಟ್ಟವರು ಎಲ್ಲ ಹೋಯಿತೆಂದು ಕೈಚೆಲ್ಲಬೇಕಾಗಿಲ್ಲ. ಇಂಥ ಮೂರು ಜಾಲಗಳ ಸರ್ವರ್ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದ ಸಂಶೋಧಕರು ಕಂಡದ್ದೇನೆಂದರೆ, ಬ್ಯಾಂಕಿಗೆ ದೂರು ಹೋಗುವುದು ಹೆಚ್ಚಾದಂತೆ ವಂಚಕರೇ ಹಣ ಹಿಂತಿರುಗಿಸುವುದನ್ನು ಹೆಚ್ಚಿಸುತ್ತಿದ್ದರು. ದೂರು ಮಿತಿಮೀರಿದರೆ ಕಾರ್ಡ್ ಕಂಪನಿಗಳು ಅವರ ಖಾತೆಯನ್ನೇ ಮುಚ್ಚಿಬಿಡುತ್ತಿದ್ದವು. ದೂರಿಗೆ ಬೆಲೆ ಇದೆ. ಹಣ ಹೋಗಿದ್ದರೆ ಕಂಪ್ಯೂಟರನ್ನು ಹಾಗೇ ಬಿಟ್ಟು ಮೊದಲು ಬ್ಯಾಂಕಿಗೂ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು. ಹಣ ಇನ್ನೂ ದಾರಿಯಲ್ಲಿದ್ದರೆ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ, ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯವರೇ ತನಿಖೆ ಮಾಡಬೇಕೆಂಬ ನಿಯಮವಿದ್ದು, ಇಂಥ ಪ್ರಕರಣಗಳಿಗೆ ಜಿಲ್ಲಾಮಟ್ಟದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗಳಿವೆ. ಹೂವಿನಹಡಗಲಿ ಅಥವಾ ಹರಪನಹಳ್ಳಿಯಿಂದ ಹೊಸಪೇಟೆಗೆ ಹೋಗಿಬರುವುದು ಒಂದು ದಿನದ ಕೆಲಸವಾದ್ದರಿಂದ, ಆನ್‌ಲೈನ್ ದೂರನ್ನು ಮನೆಯಿಂದಲೇ ಮೊದಲು ದಾಖಲಿಸಿ, ಅದರ ಸ್ವೀಕೃತಿ ಸಂಖ್ಯೆಯೊಂದಿಗೆ ಹೋಗುವುದು ಅನುಕೂಲ. ನಕಲಿ ಪರದೆಯ ಒಂದು ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿರಬೇಕು. ಫಾರ್ಮ್ಯಾಟಿನೊಂದಿಗೆ ಪುರಾವೆಯೂ ಅಳಿಯುತ್ತದೆ.

ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಶುದ್ಧಿಯಾದ ಯಂತ್ರದಿಂದ, ಇಲ್ಲವೇ ಬೇರೆ ಯಂತ್ರದಿಂದ ಮಾಡಬೇಕು. ಬಾಧೆಯಿರುವಾಗ ಅದೇ ಕೀಬೋರ್ಡಿನಲ್ಲಿ ಬದಲಿಸಿದ ಹೊಸ ಪಾಸ್‌ವರ್ಡ್ ಕೂಡ ಕಳುವಾಗಬಹುದು. ಇಮೇಲಿನದು ಮೊದಲು, ಬ್ಯಾಂಕಿನದು ಎರಡನೆಯದು. ಏಕೆಂದರೆ ಮಿಕ್ಕ ಎಲ್ಲ ಖಾತೆಗಳ ಬಾಗಿಲು ಇಮೇಲಿನಿಂದ ತೆರೆಯುತ್ತದೆ.

ಎಲ್ಲ ಈಗ ಮೊಬೈಲಿನಲ್ಲಿರುವಾಗ ಕಂಪ್ಯೂಟರಿನ ಮಾತೇಕೆ ಎಂದರೆ, ಮೊಬೈಲಿನಲ್ಲಿ ನೋಡುವುದಾಗುತ್ತದೆ, ಬರೆದು ಕೂಡಿಡುವ ಕೆಲಸ ಇನ್ನೂ ಕಂಪ್ಯೂಟರಿನಲ್ಲೇ ಆಗುತ್ತಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸ ಯಂತ್ರ ಕೊಳ್ಳಲಾಗದ ಮನೆಗಳಲ್ಲಿ ಇವೇ ಇನ್ನೂ ಕೆಲವು ವರ್ಷ ನಡೆಯುತ್ತವೆ. ಈ ಐದು ತಾಲೂಕುಗಳ ಕಂಪ್ಯೂಟರ್ ರಿಪೇರಿ ಅಂಗಡಿಯವರಲ್ಲಿ ಒಂದು ವಿನಂತಿ: ಯಂತ್ರವನ್ನು ಕೈಗೆ ತೆಗೆದುಕೊಳ್ಳುವಾಗಲೇ ‘ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಟ್ಯಾಲಿ, ಕನ್ನಡ ಫಾಂಟ್ ಪ್ರತಿ ತೆಗೆಯಲಾಗಿದೆ’ ಎಂಬ ಸಾಲನ್ನು ರಸೀದಿಯಲ್ಲಿ ಬರೆದು, ಪ್ರತಿ ತೆಗೆದ ಮೇಲೆ ಗಿರಾಕಿಯ ಸಹಿ ಪಡೆದು, ಆಮೇಲೆ ಫಾರ್ಮ್ಯಾಟಿಗೆ ಕೈ ಹಾಕಿ. ಗಿರಾಕಿಗಳೂ ಆ ಸಾಲಿಲ್ಲದ ರಸೀದಿಯನ್ನು ಒಪ್ಪಿಕೊಳ್ಳಬೇಡಿ.